ವಡ್ಡಹಳ್ಳಿ ದರ ಬದಲಿಸಿದರೆ ಕೋಲಾರದ ದರ ಬದಲಾಗ್ತಿದೆ: ಇದು ಐಡಿ ತೊಂದರೆಯಾ, ಕ್ಲಾಸ್ ತೊಂದರೆಯಾ?

ಮಂಡಿ ರೈಟರ್, ಕೋಲಾರ · ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ನಾನು ಪ್ರೋಗ್ರಾಮರ್ ಅಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಬಿಕಾಂ ಮುಗಿಸಿ ಕೋಲಾರ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋನು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಆವಾಗ ಬೆಳಗಿಂದ ರಾತ್ರಿವರೆಗೂ ಫೋನು. "ಇವತ್ತು ಎಷ್ಟಕ್ಕೋಯ್ತು?" ಇದೊಂದೇ ಪ್ರಶ್ನೆ. ಹೇಳಿ ಹೇಳಿ ಗಂಟಲು ಕಟ್ಟಿಹೋಯ್ತು. ಅದಕ್ಕೇ ಯೂಟ್ಯೂಬ್ ನೋಡಿಕೊಂಡು ದರದ ಪುಟ ಒಂದು ಮಾಡಿದೆ. ಈಗ ರೈತರು ಮೊಬೈಲಲ್ಲೇ ನೋಡ್ಕೊಳ್ತಾರೆ.

ಪುಟದಲ್ಲಿ ಒಂದು ಟೇಬಲ್ಲು, 14 ಸಾಲು. ಕೋಲಾರ, ಎನ್. ವಡ್ಡಹಳ್ಳಿ, ಚಿಂತಾಮಣಿ, ಮದನಪಲ್ಲಿ, ಹೀಗೆ ಒಂದೊಂದು ಮಾರುಕಟ್ಟೆಗೆ ಒಂದೊಂದು. ಪಿಎಚ್‌ಪಿ ಲೂಪು ಆ ಸಾಲುಗಳನ್ನ ಮಾಡಿಕೊಡುತ್ತೆ. ದರ ಇರೋ ಕೋಣೆಗೆ ಐಡಿ (ಕೋಡಲ್ಲಿ ಗುರುತಿಗೆ ಇಡೋ ಹೆಸರು) "ದರ" ಅಂತ, ಪಕ್ಕದ ಬಟನ್ನಿಗೆ ಐಡಿ "ಬದಲಿಸು" ಅಂತ ಕೊಟ್ಟಿದ್ದೀನಿ. ಕನ್ನಡದಲ್ಲೇ ಕೊಟ್ಟೆ, ನಡೀತು. ಸಿಎಸ್‌ಎಸ್‌ನಲ್ಲಿ (ಪುಟದ ಬಣ್ಣ, ಅಂದ ಹೇಳೋ ಭಾಷೆ) #ದರ ಅಂತ ಬರೆದು (# ಅಂದರೆ ಐಡಿ) ನೀಲಿ ಬಣ್ಣ ಕೊಟ್ಟೆ, 14 ಸಾಲಿಗೂ ನೀಲಿ ಬಂತು. ಸರಿ, ಕೆಲಸ ಆಯ್ತು ಅಂದುಕೊಂಡೆ.

ಈಗಿನ ತಲೆನೋವು: ಯಾವ ಸಾಲಿನ ಬಟನ್ ಒತ್ತಿದರೂ ಮೊದಲನೇ ಸಾಲೇ ಬದಲಾಗುತ್ತೆ. ಮೊನ್ನೆ ವಡ್ಡಹಳ್ಳಿ ಸಾಲಲ್ಲಿ 380 ಹಾಕಿದೆ, ಅದು ಹೋಗಿ ಕೋಲಾರದ ದರ ಆಯ್ತು. ನಾನು ನೋಡ್ಕೊಳ್ಳಲಿಲ್ಲ. ಮಾಲೂರು ಕಡೆ ಒಬ್ಬ ರೈತರು "ಕೋಲಾರದಲ್ಲಿ ಇಷ್ಟು ಕಮ್ಮಿನಾ, ಬೇಡಪ್ಪ" ಅಂತ ಲೋಡ್ ಮಾಡಿದ ಗಾಡಿಯನ್ನ ತೋಟದಲ್ಲೇ ನಿಲ್ಲಿಸಿಬಿಟ್ಟರು. ಯಜಮಾನರು ನನ್ನ ಜನ್ಮ ಜಾಲಾಡಿದರು. ಬ್ರೌಸರ್ ತಪ್ಪು ತೋರಿಸೋ ಕನ್ಸೋಲಲ್ಲಿ ಒಂದು ಕೆಂಪು ಅಕ್ಷರಾನೂ ಇಲ್ಲ. ಐಡಿ ತಪ್ಪಿದ್ದರೆ ಬಣ್ಣ ಹೆಂಗೆ ಎಲ್ಲಕ್ಕೂ ಬಂತು? ಅದೇ ನನಗೆ ಅರ್ಥ ಆಗ್ತಿಲ್ಲ.

ತುಮಕೂರು ಪ್ಯಾಸೆಂಜರ್ · ರಾತ್ರಿ 11:05

ಗುರು, ಐಡಿ ಎಲ್ಲಾ ಕಿತ್ತಾಕಿ ಕ್ಲಾಸ್ (ಗುಂಪಿಗೆಲ್ಲ ಇಡೋ ಹೆಸರು) ಮಾಡಿ. ಐಡಿ ಅನ್ನೋದನ್ನೇ ಮರೆತುಬಿಡಿ. ನಿದ್ದೆ ಬರ್ತಿದೆ, ಬೆಳಗ್ಗೆ ಟ್ರೈನಲ್ಲಿ ಕೂತು ಬರೀತೀನಿ.

ಲ್ಯಾಬ್ ಮೇಡಂ, ಚಿಂತಾಮಣಿ · ರಾತ್ರಿ 11:48

ತಮ್ಮಾ, ಮರೆತುಬಿಡೋದೇನೂ ಬೇಡ. ಮೊದಲು ನಿನ್ನ ಪ್ರಶ್ನೆಗೆ ಬರ್ತೀನಿ, ಅದು ಒಳ್ಳೇ ಪ್ರಶ್ನೆ. ಹತ್ತು ವರ್ಷ ಪಾಲಿಟೆಕ್ನಿಕ್ ಲ್ಯಾಬಲ್ಲಿ ನಿಂತಿದ್ದೀನಿ, "ಮತ್ತೆ ಬಣ್ಣ ಹೆಂಗೆ ಬಂತು ಮೇಡಂ" ಅಂತ ಕೇಳಿದ ಹುಡುಗರು ಬೆರಳೆಣಿಕೆ.

ನಿಮ್ಮ ಮಂಡಿಯಲ್ಲಿ ಎಷ್ಟು ಜನ ಮುನಿಯಪ್ಪ ಇದ್ದಾರೆ? ಕೋಲಾರ ಸೀಮೆಯಲ್ಲಿ ನಾಲ್ಕಕ್ಕೆ ಕಮ್ಮಿ ಇರಲಾರರು. ಮೈಕಲ್ಲಿ "ಮುನಿಯಪ್ಪನೋರು ಟೀ ಕುಡೀರಿ" ಅಂತ ಕೂಗಿದರೆ ನಾಲ್ಕೂ ಜನ ಎದ್ದು ಬಂದು ಕುಡೀತಾರೆ, ಯಾರಿಗೂ ನಷ್ಟ ಇಲ್ಲ. ಸಿಎಸ್‌ಎಸ್ ಆ ಮೈಕು. #ದರ ಅಂದರೆ ಆ ಹೆಸರಿಟ್ಟುಕೊಂಡ ಎಲ್ಲವಕ್ಕೂ ಬಣ್ಣ ಬಳಿಯುತ್ತೆ, ಎಷ್ಟು ಇವೆ ಅಂತ ಎಣಿಸಲ್ಲ. ಈಗ ಯಜಮಾನರು ಹುಡುಗನ ಕೈಗೆ ದುಡ್ಡಿನ ಕವರು ಕೊಟ್ಟು "ಮುನಿಯಪ್ಪನಿಗೆ ಕೊಟ್ಟು ಬಾ" ಅಂತ ಕಳಿಸಿದರೆ? ಬಾಗಿಲಲ್ಲಿ ಮೊದಲು ಸಿಕ್ಕವನ ಕೈಗೆ ಕೊಟ್ಟು ವಾಪಸ್ ಬರ್ತಾನೆ. ಗೆಟ್‌ಎಲಿಮೆಂಟ್‌ಬೈಐಡಿ, ಅಂದರೆ ಐಡಿ ಹೇಳಿದರೆ ಆ ಜಾಗ ಹುಡುಕಿಕೊಡೋ ಜಾವಾಸ್ಕ್ರಿಪ್ಟ್ ಆಜ್ಞೆ, ಆ ಹುಡುಗ. ಪುಟದಲ್ಲಿ ಮೇಲಿಂದ ಕೆಳಕ್ಕೆ ಬರುವಾಗ ಮೊದಲು ಸಿಕ್ಕಿದ್ದನ್ನ ತಂದುಕೊಡುತ್ತೆ, ಇನ್ನೂ 13 ಇವೆ ಅಂತ ಉಸಿರೆತ್ತಲ್ಲ. ಮೊದಲನೇ ಸಾಲು ಕೋಲಾರ. ಅದಕ್ಕೇ ನೀನು ಯಾವ ಬಟನ್ ಒತ್ತಿದರೂ ಕವರು ಕೋಲಾರಕ್ಕೇ ಹೋಗ್ತಿರೋದು.

ಒಂದು ಪುಟದಲ್ಲಿ ಒಂದು ಐಡಿ ಒಂದೇ ಸಲ ಇರಬೇಕು ಅನ್ನೋದು ಎಚ್‌ಟಿಎಂಎಲ್ ನಿಯಮ. ಬ್ರೌಸರ್ ಅದನ್ನ ಪೊಲೀಸ್ ಥರ ಕಾಯಲ್ಲ, ಸಿಕ್ಕಿದ್ದನ್ನ ಹೆಂಗೋ ತೋರಿಸಿಬಿಡುತ್ತೆ, ಕನ್ಸೋಲು ಸುಮ್ಮನಿರುತ್ತೆ. ನಿನ್ನ ಪುಟವನ್ನ ಕೋಡಿನ ತಪ್ಪು ಹಿಡಿಯೋ ಡಬ್ಲ್ಯೂತ್ರೀಸಿ ವ್ಯಾಲಿಡೇಟರ್‌ಗೆ ಒಂದು ಸಲ ಹಾಕಿ ನೋಡು. ಸಾಲಿಗೆ ಎರಡು ಐಡಿ, ಮೊದಲ ಸಾಲು ಬಿಟ್ಟು 13 ಸಾಲು: "ಡೂಪ್ಲಿಕೇಟ್ ಐಡಿ" ಅಂತ 26 ಎರರ್ ಬರಬೇಕು. ಹೆಚ್ಚು ಬಂದರೆ ಬೇರೆಯವೂ ಇವೆ ಅಂತ ತಿಳ್ಕೋ.

ಸರಿ ಮಾಡೋದು ಹೀಗೆ. ದರದ ಕೋಣೆಗೆ ಕ್ಲಾಸ್ "ದರ", ಬಟನ್ನಿಗೆ ಕ್ಲಾಸ್ "ಬದಲಿಸು", ಇಡೀ ಸಾಲಿಗೆ ಕ್ಲಾಸ್ "ದರ-ಸಾಲು". ಕ್ಲಾಸ್ ಎಷ್ಟು ಕಡೆ ಬೇಕಾದರೂ ಬರಬಹುದು, ಒಂದೇ ಜಾಗಕ್ಕೆ ನಾಲ್ಕು ಕ್ಲಾಸ್ ಬೇಕಾದರೂ ಸ್ಪೇಸ್ ಬಿಟ್ಟು ಬರೀಬಹುದು. ಬಟನ್ ಒತ್ತಿದಾಗ ಪುಟವನ್ನೆಲ್ಲ ಹುಡುಕೋಕೆ ಹೋಗಬೇಡ. ಒತ್ತಿದ ಬಟನ್ ನಿನ್ನ ಕೈಯಲ್ಲೇ ಇದೆಯಲ್ಲ, ಅಲ್ಲಿಂದ ಮೇಲಕ್ಕೆ ಹತ್ತು: ಕ್ಲೋಸೆಸ್ಟ್ ಅನ್ನೋ ಮೆಥಡ್ಡಿಗೆ .ದರ-ಸಾಲು (ಚುಕ್ಕಿ ಅಂದರೆ ಕ್ಲಾಸ್) ಅಂತ ಕೊಟ್ಟರೆ ಆ ಬಟನ್ ಇರೋ ಸಾಲು ಸಿಗುತ್ತೆ. ಆ ಸಾಲಿನ ಒಳಗೆ ಮಾತ್ರ .ದರ ಹುಡುಕು. ಬೇರೆ ಸಾಲಿನ ಸುದ್ದಿಗೇ ಹೋಗಲ್ಲ.

ಹಾಗಾದರೆ ಐಡಿ ಯಾತಕ್ಕೆ? ಆ ಒಂದನ್ನೇ ಯಾರಾದರೂ ಹೊರಗಿಂದ ಹೆಸರು ಹಿಡಿದು ಕರೆಯೋದಿದ್ದರೆ. ನೀನು ವಾಟ್ಸಾಪಲ್ಲಿ ರೈತರಿಗೆ ಲಿಂಕ್ ಕಳಿಸ್ತೀಯ ಅಂದುಕೋ. ಲಿಂಕಿನ ಕೊನೆಗೆ # ಹಾಕಿ ಸಾಲಿನ ಐಡಿ ಬರೆದರೆ ಪುಟ ನೇರ ಆ ಸಾಲಿಗೇ ತೆರೆಯುತ್ತೆ. ಅದಕ್ಕೆ ಸಾಲಿಗೊಂದು ಬೇರೆ ಬೇರೆ ಐಡಿ ಬೇಕು, ಲೂಪೊಳಗೇ ಮಾರುಕಟ್ಟೆಯ ಸಂಕೇತ ಸೇರಿಸಿ ಕೊಡಬಹುದು. ಇಲ್ಲಿ ಮಾತ್ರ ಕನ್ನಡದ ಆಸೆ ಬಿಡು ಅಂತೀನಿ, ತಪ್ಪು ಅಂತಲ್ಲ. ಲಿಂಕನ್ನ ಕಾಪಿ ಮಾಡಿದಾಗ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಶೇಕಡಾ ಚಿಹ್ನೆಗಳ ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತೆ. "ವಡ್ಡಹಳ್ಳಿ"ಯಲ್ಲಿ ಒತ್ತು, ಗುಣಿತ ಎಲ್ಲ ಸೇರಿ ಒಂಬತ್ತು ಸಂಕೇತ, ಅಂದರೆ ಲಿಂಕಿಗೆ 81 ಅಕ್ಷರದ ಬಾಲ. ರೈತರು ಅದನ್ನ ನೋಡಿ ವೈರಸ್ ಅಂದುಕೊಳ್ತಾರೆ. ಇಂಗ್ಲಿಷ್ ಅಕ್ಷರದ ಚಿಕ್ಕ ಐಡಿ ಕೊಡು.

ಬರೀ ಲಾಟ್ ನಂಬರನ್ನ ಐಡಿ ಮಾಡಬೇಡ. ಐಡಿ 27 ಅಂತ ಎಚ್‌ಟಿಎಂಎಲ್‌ನಲ್ಲಿ ಇಡಬಹುದು, ಆದರೆ ಸಿಎಸ್‌ಎಸ್‌ನಲ್ಲಿ #27 ಅಂತ ಬರೆದರೆ ನಡೆಯಲ್ಲ, ಅದೇ ಬರಹ ಹಿಡಿದು ಹುಡುಕೋ ಜಾವಾಸ್ಕ್ರಿಪ್ಟಿನ ಕ್ವೆರಿಸೆಲೆಕ್ಟರ್ ಅಂತೂ ಎರರ್ ಎಸೆಯುತ್ತೆ. #ಲಾಟು-27 ಅಂದರೆ ತಕರಾರಿಲ್ಲ. ತಮಾಷೆ ಏನಂದರೆ #೨೭ ಅಂತ ಕನ್ನಡ ಅಂಕಿಯಲ್ಲಿ ಬರೆದರೂ ನಡೆಯುತ್ತೆ, ಅದರ ಲೆಕ್ಕದಲ್ಲಿ ಅದು ಅಂಕಿಯೇ ಅಲ್ಲ. ನಾನು ಕಲಿತ ಕಾಲದಲ್ಲಿ ಇದೆಲ್ಲ ಕನಸು. 1999ರ ಎಚ್‌ಟಿಎಂಎಲ್ 4.01ರಲ್ಲಿ ಐಡಿ ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗಬೇಕಿತ್ತು. 2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತವಾದಾಗ ಉಳಿದದ್ದು ಇಷ್ಟೇ: ಖಾಲಿ ಇರಬಾರದು, ಒಳಗೆ ಸ್ಪೇಸ್ ಇರಬಾರದು, ಪುಟಕ್ಕೆ ಒಂದೇ ಇರಬೇಕು.

ಐಡಿಯ ಇನ್ನೊಂದು ಕೆಲಸ ಫಾರ್ಮುಗಳಲ್ಲಿ. ಇದನ್ನ ನಾನು ನನ್ನ ಮರ್ಯಾದೆ ಕಳೆದುಕೊಂಡು ಕಲಿತದ್ದು. ಒಂದು ಕಾಲೇಜಿಗೆ ಅಡ್ಮಿಷನ್ ಅರ್ಜಿಯ ಪುಟ ಮಾಡಿಕೊಟ್ಟೆ. ತಂದೆಯ ಹೆಸರಿನ ಜಾಗವನ್ನ ಕಾಪಿ ಮಾಡಿ ಕೆಳಗೆ ಅಂಟಿಸಿ, ಮೇಲಿನ ಬರಹ "ತಾಯಿಯ ಹೆಸರು" ಅಂತ ಬದಲಿಸಿದೆ. ಐಡಿ ಬದಲಿಸೋಕೆ ಮರೆತೆ. ಲೇಬಲ್‌ನ "ಫಾರ್" (ಆ ಬರಹ ಯಾವ ಐಡಿಯ ಡಬ್ಬಿಗೆ ಸೇರಿದ್ದು ಅಂತ ಹೇಳೋದು) ಕೂಡ ಹಳೆಯದೇ. ಕಣ್ಣಿಗೆ ಎಲ್ಲ ಸರಿಯಾಗಿತ್ತು. ಮೊಬೈಲಲ್ಲಿ ಜನ ಚಿಕ್ಕ ಡಬ್ಬಿಯನ್ನ ಒತ್ತಲ್ಲ, ಪಕ್ಕದ ಬರಹವನ್ನ ಒತ್ತುತ್ತಾರೆ. "ತಾಯಿಯ ಹೆಸರು" ಒತ್ತಿದರೆ ಕರ್ಸರ್ ಹೋಗಿ ತಂದೆಯ ಡಬ್ಬಿಯಲ್ಲಿ ಕೂರ್ತಿತ್ತು. ಒಂದಷ್ಟು ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ "ರಾಮಪ್ಪಲಕ್ಷ್ಮಮ್ಮ" ಅಂತ ಒಟ್ಟಿಗೇ ಬಂದಿತ್ತು. ಆಫೀಸಿನವರು ಅದನ್ನ ಪ್ರಿಂಟ್ ಮಾಡಿ ನನಗೇ ತೋರಿಸಿದರು. ಸ್ಕ್ರೀನ್ ರೀಡರ್ ಇಟ್ಟುಕೊಂಡು ತುಂಬುವವರಿಗೆ ಇನ್ನೂ ಕಷ್ಟ, ಅವರಿಗೆ ಎರಡನೇ ಡಬ್ಬಿಗೆ ಹೆಸರೇ ಕೇಳಿಸಿರಲ್ಲ.

ಮಾಡಿ ನೋಡಿ ಹೇಳು.

ತುಮಕೂರು ಪ್ಯಾಸೆಂಜರ್ · ಬೆಳಗ್ಗೆ 7:20

ಮೇಡಂ ಹೇಳಿದ್ದು ಒಪ್ಪಿದೆ, ಲೇಬಲ್ಲಿಗೂ ಲಿಂಕಿಗೂ ಐಡಿ ಬೇಕು. ನಾನು ಬೈದಿದ್ದು ಸಿಎಸ್‌ಎಸ್‌ನಲ್ಲಿ ಬಳಸೋದಕ್ಕೆ. ಕ್ಯಾತ್ಸಂದ್ರ ದಾಟೋವರೆಗೂ ಸಿಗ್ನಲ್ ಇರುತ್ತೆ, ಅಷ್ಟರಲ್ಲಿ ಹೇಳಿಬಿಡ್ತೀನಿ.

ರೈಟರ್ ಅವರೇ, ಮುಂದೆ ದರ ಏರಿದ ಸಾಲಿಗೆ ಬೇರೆ ಬಣ್ಣ ಬೇಕು ಅಂತ ನಿಮಗೆ ಅನ್ನಿಸೇ ಅನ್ನಿಸುತ್ತೆ. ಆವಾಗ .ಏರಿಕೆ ಅಂತ ಒಂದು ಕ್ಲಾಸ್ ಬರೆದು ಹಸಿರು ಕೊಡ್ತೀರ. #ದರ ನೀಲಿ ಅಂತ ಮೇಲೆ ಇದ್ದರೆ ಹಸಿರು ಬರೋದೇ ಇಲ್ಲ. ಯಾಕಂದರೆ ಬ್ರೌಸರ್ ಮೂರು ಕಾಲಮ್ಮಿನಲ್ಲಿ ತೂಕ ಹಾಕುತ್ತೆ: ಮೊದಲನೇದು ಐಡಿ, ಎರಡನೇದು ಕ್ಲಾಸ್, ಮೂರನೇದು ಟ್ಯಾಗ್. #ದರ ಅಂದರೆ 1-0-0. .ಏರಿಕೆ ಅಂದರೆ 0-1-0. ಹತ್ತು ಕ್ಲಾಸ್ ಸೇರಿಸಿದರೆ ದಶಕ ಆಗಿ ಎಡಕ್ಕೆ ಒಂದು ಕ್ಯಾರಿ ಹೋಗುತ್ತೆ ಅಂದುಕೊಳ್ಳಬೇಡಿ, 0-10-0 ಆಗುತ್ತೆ ಅಷ್ಟೇ. ಐಡಿ ಮುಂದೆ ಅದೂ ಸೋಲುತ್ತೆ. ಆಮೇಲೆ ಜನ ಏನು ಮಾಡ್ತಾರೆ, ಈ ತೂಕವನ್ನೆಲ್ಲ ಮೀರಿಸೋ ಇಂಪಾರ್ಟೆಂಟ್ ಅಂತ ಬಡೀತಾರೆ. ಅದನ್ನ ಮೀರೋಕೆ ಇನ್ನೊಂದು ಇಂಪಾರ್ಟೆಂಟ್. ನಮ್ಮ ಆಫೀಸಿನ ಒಂದು ಹಳೇ ಫೈಲಲ್ಲಿ 200ಕ್ಕೂ ಮೇಲಿದೆ, ಯಾರೂ ಮುಟ್ಟಲ್ಲ.

ಇನ್ನೊಂದು. ಕ್ಲಾಸಿಗೆ "ಹಸಿರು" ಅಂತ ಹೆಸರಿಡಬೇಡಿ. "ಏರಿಕೆ" ಅಂತಲೇ ಇಡಿ. ದರ ಏರಿದರೆ ರೈತನಿಗೆ ಹಸಿರು, ಕೊಳ್ಳೋನಿಗೆ ಕೆಂಪು. ನಾಳೆ ಯಾರಾದರೂ ಬಣ್ಣ ಬದಲಿಸಿ ಅಂದರೆ "ಹಸಿರು" ಅನ್ನೋ ಕ್ಲಾಸಿಗೆ ಕೆಂಪು ಬಣ್ಣ ಬರೀತಾ ಕೂತಿರ್ತೀರ.

ಕೆಜಿಎಫ್ ಹುಡುಗ · ಬೆಳಗ್ಗೆ 8:02

ಸಂಬಂಧ ಇಲ್ಲದ್ದು, ಆದರೂ ಹೇಳ್ತೀನಿ. ಫಾರ್ಮೊಳಗಿನ ಬಟನ್ನಿಗೆ ಐಡಿಯಾಗಿ "ಸಬ್ಮಿಟ್" ಅಂತ ಇಂಗ್ಲಿಷಲ್ಲಿ, ಎಲ್ಲಾ ಸಣ್ಣಕ್ಷರದಲ್ಲಿ ಕೊಡಬೇಡಿ. ಆಮೇಲೆ ಜಾವಾಸ್ಕ್ರಿಪ್ಟಲ್ಲಿ ಫಾರ್ಮ್ ಡಾಟ್ ಸಬ್ಮಿಟ್ ಅಂತ ಕರೆದರೆ ಮೆಥಡ್ ಬದಲು ಆ ಬಟನ್ನೇ ಸಿಗುತ್ತೆ, "ಇದು ಫಂಕ್ಷನ್ ಅಲ್ಲ" ಅಂತ ಬೈಯುತ್ತೆ. ಎರಡು ದಿನ ಹೋಯ್ತು ನನಗೆ.

ಮಂಡಿ ರೈಟರ್, ಕೋಲಾರ · ಮಧ್ಯಾಹ್ನ 3:15

ಅಕ್ಕಾ, ಹರಾಜು ಮುಗಿಸಿ ಈಗ ಕೂತೆ. ವ್ಯಾಲಿಡೇಟರ್ 27 ಅಂತು, 26 ಅಲ್ಲ. ಹೆಡ್ಡರಲ್ಲಿ ನಾನೇ ಇನ್ನೊಂದು "ದರ" ಇಟ್ಟಿದ್ದೆ, "ಇಂದಿನ ದರ" ಅಂತ ಬರೆಯೋ ಜಾಗಕ್ಕೆ. ಹಾಗಾದರೆ ಮೊದಲನೇ "ದರ" ಅದೇ ಆಗಬೇಕಿತ್ತಲ್ಲ, ಕೋಲಾರ ಹೆಂಗೆ ಬದಲಾಯ್ತು ಅಂತ ತಲೆ ಕೆರ್ಕೊಂಡೆ. ಆಮೇಲೆ ನೆನಪಾಯ್ತು, ಅದನ್ನ ನಿನ್ನೆ ಸಂಜೆ ಸೇರಿಸಿದ್ದು. ನಿನ್ನೆ ರಾತ್ರಿ ಬಟನ್ ಒತ್ತಿದ್ದರೆ ಹೆಡ್ಡಿಂಗೇ 380 ಆಗ್ತಿತ್ತು!

ನೀವು ಹೇಳಿದಂಗೆ ಎಲ್ಲ ಕ್ಲಾಸ್ ಮಾಡಿದೆ, ಕ್ಲೋಸೆಸ್ಟ್ ಹಾಕಿದೆ. ವಡ್ಡಹಳ್ಳಿ ಒತ್ತಿದರೆ ವಡ್ಡಹಳ್ಳಿಯೇ ಬದಲಾಗ್ತಿದೆ. ಕೈ ಮುಗಿದೆ.

ಈಗ ಬೇರೆ ವಿಚಿತ್ರ. ಸಾಲಿಗೆ ಮಾರುಕಟ್ಟೆಯ ಹೆಸರನ್ನೂ ಕ್ಲಾಸ್ ಆಗಿ ಸೇರಿಸಿದೆ, ಲೂಪಲ್ಲಿ ಪಟ್ಟಿಯಿಂದಲೇ ಬರುತ್ತೆ. ಸಿಎಸ್‌ಎಸ್‌ನಲ್ಲಿ .ಕೋಲಾರ ಅಂತ ಬರೆದು ನಮ್ಮ ಸಾಲನ್ನ ದಪ್ಪ ಮಾಡೋಣ ಅಂತ. ದಪ್ಪ ಆಗ್ತಿಲ್ಲ. .ಚಿಂತಾಮಣಿ ಆಗುತ್ತೆ. .ವಡ್ಡಹಳ್ಳಿ ಆಗುತ್ತೆ. ಕೋಲಾರ ಒಂದು ಆಗಲ್ಲ. ಅಕ್ಷರಕ್ಕೆ ಅಕ್ಷರ ಇಟ್ಟು ನೋಡಿದೆ, ಎರಡೂ ಒಂದೇ. ಊರಿನ ಹೆಸರಿಗೇ ಶಾಪ ಇದೆಯಾ?

ಲ್ಯಾಬ್ ಮೇಡಂ, ಚಿಂತಾಮಣಿ · ಸಂಜೆ 4:30

ಆ ಪಟ್ಟಿ ಎಲ್ಲಿಂದ ಬಂತು? ಹಳೇ ಫೈಲಾ? ಯಾರು ಟೈಪ್ ಮಾಡಿದ್ದು?

ಮಂಡಿ ರೈಟರ್, ಕೋಲಾರ · ಸಂಜೆ 4:41

ಮಂಡಿಯಲ್ಲಿ ಮುಂಚೆ ಇದ್ದ ರೈಟರ್ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಲ್ಲಿ ಮಾಡಿಟ್ಟಿದ್ದು. ಯಾವುದೋ ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡಿಕೊಂಡೆ. ಸಿಎಸ್‌ಎಸ್ ಮಾತ್ರ ನಾನು ಫೋನಲ್ಲಿ ಟೈಪ್ ಮಾಡಿದ್ದು.

ಲ್ಯಾಬ್ ಮೇಡಂ, ಚಿಂತಾಮಣಿ · ಸಂಜೆ 5:10

ಸಿಕ್ತು ಬಿಡು. ಶಾಪ ಊರಿಗಲ್ಲ, "ಕೋ"ಗೆ.

ಕನ್ಸೋಲಿಗೆ ಹೋಗಿ ಸಿಎಸ್‌ಎಸ್‌ನಲ್ಲಿರೋ "ಕೋಲಾರ"ವನ್ನ ಅಂಟಿಸಿ ಲೆಂಗ್ತ್ ಕೇಳು. 5 ಬರಬೇಕು: ಕ, ಓತ್ವ, ಲ, ಆತ್ವ, ರ. ಈಗ ಪಟ್ಟಿಯಲ್ಲಿರೋ "ಕೋಲಾರ"ಕ್ಕೆ ಕೇಳು. 7 ಬರುತ್ತೆ ಅಂತ ನನ್ನ ಅಂದಾಜು. ಹಳೇ ಫಾಂಟುಗಳಲ್ಲಿ "ಕೋ" ಅನ್ನೋದನ್ನ ತುಂಡು ತುಂಡಾಗಿ ಕಟ್ಟೋದು: ಮೊದಲು ಎತ್ವ, ಪಕ್ಕಕ್ಕೆ ಊಕಾರದ ಇಳಿ, ಕೊನೆಗೆ ದೀರ್ಘ. ಕೆಲವು ಕನ್ವರ್ಟರ್ ಆ ಮೂರು ತುಂಡನ್ನ ಒಂದು ಓತ್ವ ಮಾಡದೆ ಮೂರಾಗೇ ಬಿಟ್ಟುಬಿಡುತ್ತವೆ. ಸ್ಕ್ರೀನಿನ ಮೇಲೆ ಎರಡೂ ಒಂದೇ "ಕೋ". ಒಳಗೆ ಒಂದು ಕಡೆ ಒಂದು ಸಂಕೇತ, ಇನ್ನೊಂದು ಕಡೆ ಮೂರು. ಯೂನಿಕೋಡ್ ಪ್ರಕಾರ ಇವೆರಡೂ ಸಮಾನ, ಆದರೆ ಕ್ಲಾಸ್ ಹೊಂದಿಸುವಾಗ ಬ್ರೌಸರ್ ಆ ಸಮಾನತೆ ನೋಡಲ್ಲ, ಸಂಕೇತಕ್ಕೆ ಸಂಕೇತ ತಾಳೆ ಹಾಕುತ್ತೆ. ಚಿಂತಾಮಣಿಯಲ್ಲಿ, ವಡ್ಡಹಳ್ಳಿಯಲ್ಲಿ ಓತ್ವ ಇಲ್ಲ, ಅವು ಬಚಾವ್. ಇದೇ ಥರ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆ-ತಡೆ ಸಂಕೇತ ಒಂದು ಕೂತಿದ್ದರೂ ಹೀಗೇ ಆಗುತ್ತೆ.

ನಾರ್ಮಲೈಜ್ ಅನ್ನೋ ಜಾವಾಸ್ಕ್ರಿಪ್ಟ್ ಮೆಥಡ್ಡಿಗೆ "ಎನ್‌ಎಫ್‌ಸಿ" ಅಂತ ಕೊಟ್ಟರೆ ತುಂಡುಗಳು ಕೂಡಿ 7 ಇದ್ದದ್ದು 5 ಆಗುತ್ತೆ. ಪಿಎಚ್‌ಪಿಯಲ್ಲೂ ನಾರ್ಮಲೈಜರ್ ಇದೆ, ಸರ್ವರಲ್ಲಿ ಇಂಟ್ಲ್ ಎಕ್ಸ್‌ಟೆನ್ಷನ್ ಹಾಕಿರಬೇಕು. ಪಟ್ಟಿಯನ್ನ ಒಂದು ಸಲ ತೊಳೆದು ಇಟ್ಟುಕೋ.

ಆದರೆ ತಮ್ಮಾ, ನಿನ್ನ .ವಡ್ಡಹಳ್ಳಿ ನಡೀತಿರೋದೂ ಅದೃಷ್ಟವೇ. ಪಟ್ಟಿಯಲ್ಲಿ ಅದು "ಎನ್. ವಡ್ಡಹಳ್ಳಿ" ತಾನೆ? ನಡುವೆ ಸ್ಪೇಸ್ ಇದೆ. ಕ್ಲಾಸಲ್ಲಿ ಸ್ಪೇಸ್ ಬಂದರೆ ಅಲ್ಲಿಗೆ ಒಂದು ಕ್ಲಾಸ್ ಮುಗೀತು, ಇನ್ನೊಂದು ಶುರು. ನಿನ್ನ ಸಾಲಿಗೆ "ಎನ್." ಅಂತ ಒಂದು, "ವಡ್ಡಹಳ್ಳಿ" ಅಂತ ಒಂದು, ಎರಡು ಕ್ಲಾಸ್ ಆಗಿವೆ. ನಾಳೆ "ನಾಟಿ ಟೊಮೆಟೊ", "ಹೈಬ್ರಿಡ್ ಟೊಮೆಟೊ" ಅಂತ ಸೇರಿಸಿದರೆ "ಟೊಮೆಟೊ" ಅನ್ನೋ ಕ್ಲಾಸ್ ಎರಡರಲ್ಲೂ ಕೂತುಬಿಡುತ್ತೆ.

ಜನ ಓದೋ ಹೆಸರನ್ನ ಯಂತ್ರಕ್ಕೆ ಗುರುತಾಗಿ ಕೊಡಬೇಡ. ಮಾರುಕಟ್ಟೆಗೊಂದು ಎರಡು ಮೂರು ಅಕ್ಷರದ ಸಂಕೇತ ಮಾಡು, ಕ್ರೇಟಿನ ಮೇಲೆ ಮಂಡಿ ಗುರುತು ಬರೀತೀರಲ್ಲ ಹಾಗೆ. ಅದೇ ಸಂಕೇತ ಸಾಲಿನ ಐಡಿಗೂ ಆಯ್ತು, ಲಿಂಕಿಗೂ ಆಯ್ತು. "ದರ-ಸಾಲು", "ಬದಲಿಸು", "ಏರಿಕೆ" ಇವನ್ನ ನೀನೇ ಕೈಯಲ್ಲಿ ಬರೀತೀಯ, ಇವು ಕನ್ನಡದಲ್ಲೇ ಇರಲಿ. ನನಗೂ ನೋಡೋಕೆ ಚೆನ್ನಾಗಿದೆ.

ಮಂಡಿ ರೈಟರ್, ಕೋಲಾರ · ರಾತ್ರಿ 9:37

7 ಅಕ್ಕಾ! ಕರೆಕ್ಟಾಗಿ 7. ಪಕ್ಕದ ಮಂಡಿ ಹುಡುಗನನ್ನ ಕರೆದು ತೋರಿಸಿದೆ, ಅವನಿಗೆ ಏನೂ ಅರ್ಥ ಆಗಲಿಲ್ಲ, ನನಗೆ ಮಾತ್ರ ಖುಷಿ.

ಪಟ್ಟಿಯಲ್ಲಿ ಓತ್ವ ಇರೋ ಊರು ಇನ್ನೂ ಮೂರಿದ್ದವು, ಮೂರೂ ಹಾಗೇ. ಎಲ್ಲ ತೊಳೆದೆ. ಸಂಕೇತ ಮಾಡಿ ಐಡಿ ಕೊಟ್ಟೆ, ವ್ಯಾಲಿಡೇಟರ್ ಈಗ ಐಡಿ ಬಗ್ಗೆ ಸೊಲ್ಲೆತ್ತಲ್ಲ. ಮಾಲೂರಿನ ಆ ರೈತರಿಗೆ ಕೋಲಾರದ ಸಾಲಿನ ಲಿಂಕ್ ಕಳಿಸಿದೆ. "ಇದರಲ್ಲಾದ್ರೂ ಸರಿ ಇದೆಯಾ" ಅಂತ ವಾಯ್ಸ್ ಮೆಸೇಜ್ ಹಾಕಿದ್ದಾರೆ.

ತುಮಕೂರಣ್ಣ, ನಿಮ್ಮ ಬಾಯಿ ಹರಕೆ. .ಏರಿಕೆ ಹಸಿರು ಅಂತ ಸಂಜೆ ಹಾಕಿದೆ. ಯಜಮಾನರು ಈಗ ಫೋನ್ ಮಾಡಿ "ಹಸಿರು ಕಂಡರೆ ಜನ ಕಾಯಿ ಟೊಮೆಟೊ ದರ ಅಂದುಕೊಳ್ತಾರೆ, ಕೆಂಪು ಮಾಡು" ಅಂದರು. ಒಂದೇ ಸಾಲು ಬದಲಿಸಿದೆ.